ಒಂದು ಚೌಕದಲ್ಲಿ ಮುಳುಗಿದ ಕೇರಿ

ಅಡುಗೆಮನೆಯ ಹಿಂದಿನ ಗೋಡೆ ಬಿದ್ದಾಗ ಗುಡುಗಕ್ಕ ಒಲೆ ಊದುತ್ತಿದ್ದಳು. ಸದ್ದೇನೂ ದೊಡ್ಡದಾಗಿ ಬರಲಿಲ್ಲ. ನೆನೆದ ಇಟ್ಟಿಗೆ ಸದ್ದು ಮಾಡುವುದಿಲ್ಲ, ಸುಮ್ಮನೆ ಜಾರುತ್ತದೆ. ಹೊಗೆ ಸರಿದಾಗ ನೋಡಿದರೆ ಗೋಡೆ ಇದ್ದ ಕಡೆ ಸಮುದ್ರ ಕಾಣುತ್ತಿತ್ತು. ಒಂದು ಅಲೆ ಒಳಗೆ ಬಂದು ಒಲೆ ಆರಿಸಿತು. ಹೋಗುವಾಗ ಪಾತ್ರೆಯನ್ನೂ ಎಳೆದುಕೊಂಡು ಹೋಯಿತು.

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಹೇಳಿದಳು:

"ಅಡುಗೆಮನೆಗೊಂದು ಕಿಟಕಿ ಬೇಕು ಅಂತ ಬಂದಾಗಿನಿಂದ ನನ್ನ ಜೀವ ತಿಂತಿದ್ದೆ. ತಗೋ, ಈಗ ಬಾಗಿಲೇ ಆಯ್ತು."

ಗುಡುಗಕ್ಕ ಅಷ್ಟರಲ್ಲೂ ನಕ್ಕುಬಿಟ್ಟಳು. ಆಮೇಲೆ ಅತ್ತೆಯನ್ನು ಎತ್ತಿಕೊಂಡು ಹೊರಗೆ ಬಂದಳು. ನನ್ನ ಮನೆ ಅವಳ ಮನೆಯ ಎದುರಿಗೆ. ಹೆಣೆಯುತ್ತಿದ್ದ ಬಲೆ ಬಿಟ್ಟು ಓಡಿದೆ. ಅವಳ ಗಂಡ ದೋಣಿ ಮಾಡುವ ಬಡಗಿ, ಬಾಯಿ ಸತ್ತ ಮನುಷ್ಯ. ಕೈಯಲ್ಲಿ ಉಳಿ ಹಿಡಿದು ಸುಮ್ಮನೆ ನಿಂತಿದ್ದ.

ಗುಡುಗಕ್ಕನಿಗೆ ಆ ಹೆಸರು ಬಂದದ್ದು ಗಂಟಲಿನಿಂದ. ಮೀನು ಒಣಗಿಸುವ ಅಂಗಳದಲ್ಲಿ ನಿಂತು ಅವಳು ಕಾಗೆ ಓಡಿಸಿದರೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಆ ಅಂಗಳ ಈಗ ಇಲ್ಲ. ದೋಣಿ ಎಳೆದಿಡುತ್ತಿದ್ದ ದಿಬ್ಬ ಇಲ್ಲ. ಮುಂದಿನ ಸಾಲಿನ ಮನೆಗಳೂ ಇಲ್ಲ. ಪಕ್ಕದಲ್ಲಿ ಬಂದರು ಕಟ್ಟಿದ ಕಂಪನಿಯವರು ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಇಳಿಸಿದ ಮೇಲೆ ಹೀಗಾಯಿತು. ಗೋಡೆಯ ಆಚೆ ಮರಳು ಬಂದು ಕೂರುತ್ತದೆ. ಈಚೆ, ನಮ್ಮ ಕಡೆ, ಇದ್ದ ಮರಳೂ ಹೋಗುತ್ತದೆ. ಒಂದೇ ಸಲ ಹೋಗಿದ್ದರೆ ಲೋಕವೆಲ್ಲ ನೋಡುತ್ತಿತ್ತು. ಸಮುದ್ರ ನಮ್ಮನ್ನು ಇಲಿ ಬಟ್ಟೆ ಕಡಿದ ಹಾಗೆ ಅಂಚಿನಿಂದ ಕಡಿಯಿತು.

ಸಮುದ್ರಕ್ಕೆ ನೆಲ ಹೋದವರಿಗೆ ಗುಡ್ಡದ ಮೇಲೆ ಜಾಗ ಕೊಡಬೇಕೆಂದು ಕಾನೂನಿದೆ. ಆದರೆ ನೆಲ ಹೋಯಿತೆಂದು ನಾವು ಹೇಳಿದರೆ ಸಾಲದು, ಉಪಗ್ರಹ ಹೇಳಬೇಕು.

ಗೋಡೆ ಬಿದ್ದ ಮಾರನೆಯ ದಿನ ಗುಡುಗಕ್ಕನೂ ನಾನೂ ಭೂಮಾಪನ ಕಚೇರಿಗೆ ಹೋದೆವು. ಸಾಹೇಬರು ಒಳ್ಳೆಯ ಮಾತಿನವರು. ಕೂರಲು ಹೇಳಿದರು, ನೀರು ಕೊಡಿಸಿದರು.

"ನಿಮ್ಮ ಕೇರಿದು ನೋಡಿದೀನಮ್ಮ. ಹಳೇ ಚಿತ್ರ, ಹೊಸ ಚಿತ್ರ ಎರಡನ್ನೂ ಹೋಲಿಸಿದೀವಿ. ಬದಲಾವಣೆ ಇಲ್ಲ."

"ಏನಿಲ್ಲ?"

"ಬದಲಾವಣೆ. ನೆಲ ಇದ್ದ ಹಾಗೇ ಇದೆ."

"ಸಾಹೇಬ್ರೆ, ನನ್ನ ಅಡುಗೆಮನೇಲಿ ಏಡಿ ಓಡಾಡ್ತಿದೆ."

ಸಾಹೇಬರು ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿಗೆ ತೋರಿಸಲು ಹೇಳಿದರು. ಕೆಲಸಕ್ಕೆ ಹೊಸಬಳು. ಪರದೆಯ ಮೇಲೆ ದೊಡ್ಡ ದೊಡ್ಡ ಚೌಕಗಳು ಬಂದವು. ಒಂದಷ್ಟು ನೀಲಿ, ಒಂದಷ್ಟು ಕಂದು, ನಡುವೆ ರಾಡಿ ಬಣ್ಣದ ಒಂದು ಸಾಲು.

"ನಮ್ಮ ಮನೆ ಎಲ್ಲಿ ಮಗಳೇ?"

ಹುಡುಗಿ ರಾಡಿ ಬಣ್ಣದ ಒಂದು ಚೌಕದ ಮೇಲೆ ಬೆರಳಿಟ್ಟಳು. "ಇದರೊಳಗೆ ಎಲ್ಲೋ ಇದೆ ಅಕ್ಕ. ನೆಲದ ಮೇಲೆ ಅಳೆದ್ರೆ ಈ ಚೌಕದ ಒಂದೊಂದು ಬದಿ ಮೂವತ್ತು ಮೀಟರು. ಅಷ್ಟು ಜಾಗದಲ್ಲಿ ಏನೇ ಇರ್ಲಿ, ಎಲ್ಲಾ ಸೇರಿ ಒಂದೇ ಬಣ್ಣ ಆಗುತ್ತೆ. ಮನೆ, ಮರಳು, ನೀರು, ಎಲ್ಲ ಕಲಸಿ ಹೀಗೆ."

"ನಮ್ಮಲ್ಲಿ ಹೋಗಿರೋದು ಇಪ್ಪತ್ತು ಮೀಟರು ಇರಬಹುದು," ಎಂದೆ ನಾನು.

"ಅದಕ್ಕೇ ಚೌಕ ಪೂರ್ತಿ ನೀಲಿ ಆಗಿಲ್ಲ ಅಣ್ಣ. ಪೂರ್ತಿ ನೀಲಿ ಆಗೋ ತನಕ ಅದನ್ನ ನೆಲ ಅಂತಲೇ ಎಣಿಸಬೇಕು. ಇಲ್ಲಿನ ನಿಯಮ."

"ಅಂದ್ರೆ ನಾವು ಪೂರ್ತಿ ಮುಳುಗಿದ ಮೇಲೆ ನಿಮಗೆ ಕಾಣ್ತೀವಿ," ಎಂದಳು ಗುಡುಗಕ್ಕ.

ಹುಡುಗಿ ಆ ಚಿತ್ರ ಮುಚ್ಚಲು ಹೋಗಿ ಕೈತಪ್ಪಿ ಇನ್ನೊಂದನ್ನು ತೆರೆದಳು. ನಾವು ಬೆಚ್ಚಿಬಿದ್ದೆವು. ಬಂದರಿನ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆಚೆ ಕೂತ ಹೊಸ ಮರಳಿನ ಮೇಲೆ ಯಾರೋ ನಡೆದುಹೋದ ಜಾಡು ಕೂಡ ಕಾಣುತ್ತಿತ್ತು. ಮರಳಿನ ಸುತ್ತ ಕೆಂಪು ಗೆರೆ ಎಳೆದಿದ್ದರು.

"ಇದ್ಯಾವ ಉಪಗ್ರಹ? ಇದಕ್ಕೆ ಕಣ್ಣು ಚೆನ್ನಾಗಿದೆಯಲ್ಲ!" ಎಂದಳು ಗುಡುಗಕ್ಕ.

"ಅದು ಬೇರೆ ವಿಷಯ," ಎಂದು ಸಾಹೇಬರು ಎದ್ದರು. "ಬಂದರಿನವರ ಕಡೆ ಹೊಸ ನೆಲ ಬಂದಿದೆ. ಅದನ್ನ ಅವರ ಹೆಸರಿಗೆ ಮಾಡೋಕೆ ಸಣ್ಣ ಚೌಕದ ಚಿತ್ರ ಬೇಕಾಗಿತ್ತು. ಅವರೇ ತರಿಸಿಕೊಟ್ರು."

"ಇದರಲ್ಲಿ ನಮ್ಮ ಕಡೆ ತೋರಿಸಿ."

"ಗೋಡೆ ಹತ್ತಿರ ಮುಗಿಯುತ್ತೆ ಅಕ್ಕ," ಎಂದಳು ಹುಡುಗಿ ಮೆಲ್ಲಗೆ. "ಅಲ್ಲಿಗೇ ಕತ್ತರಿಸಿ ಕೊಟ್ಟಿದಾರೆ."

ಗುಡುಗಕ್ಕ ಅಲ್ಲಿಯವರೆಗೆ ತಗ್ಗಿದ ದನಿಯಲ್ಲೇ ಮಾತಾಡಿದ್ದಳು. ಈಗ ಗುಡುಗಿದಳು.

"ನಮ್ಮ ಮರಳೇ ಅಲ್ಲಿ ಹೋಗಿ ಕೂತಿರೋದು! ಅವರಿಗೆ ಬಂದ ನೆಲ ನೋಡೋವಾಗ ಕನ್ನಡಕ ಹಾಕ್ಕೊಳ್ತೀರಿ. ನಮ್ಮಿಂದ ಹೋದ ನೆಲ ನೋಡೋವಾಗ ತೆಗೆದು ಜೇಬಿಗೆ ಇಟ್ಕೊಳ್ತೀರಿ. ನೀವೇ ಬಂದು ನೋಡಿ. ಬರೋ ತನಕ ನಾವು ಇಲ್ಲಿಂದ ಏಳಲ್ಲ."

ಕಚೇರಿ ಮುಚ್ಚುವವರೆಗೂ ಕುಳಿತೆವು. ಮರುದಿನವೂ ಹೋದೆವು. ಆ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ಮೆಟ್ಟಿಲ ಮೇಲಿದ್ದರು. ಕೊನೆಗೆ ಸಾಹೇಬರು ಸ್ಥಳ ನೋಡಲು ಒಪ್ಪಿದರು.

ಅವರು ಬಂದದ್ದು ಬಂದರಿನವರ ಕಾರಿನಲ್ಲಿ. ಕಾರು ಇಳಿದವರು ದಡಕ್ಕೆ ಬರಲಿಲ್ಲ. ದೂರದಲ್ಲಿ ಬಂದರಿನವರು ನೆರಳು ಕಟ್ಟಿ, ಮೇಜು ಹಾಕಿ, ಫ್ಯಾನು ಇಟ್ಟಿದ್ದರು. ಸಾಹೇಬರು ಅಲ್ಲೇ ಕುಳಿತು, ಮೊದಲೇ ಬರೆದು ತಂದಿದ್ದ ವರದಿ ಓದತೊಡಗಿದರು: "ಸದರಿ ಪ್ರದೇಶದಲ್ಲಿ ಗಮನಾರ್ಹ ಬದಲಾವಣೆ ಕಂಡುಬಂದಿರುವುದಿಲ್ಲ..."

ಗುಡುಗಕ್ಕ ಅವರ ಜೊತೆ ಬಂದಿದ್ದ ಕಂಪ್ಯೂಟರಿನ ಹುಡುಗಿಯ ಹತ್ತಿರ ಹೋದಳು. ಹುಡುಗಿಯ ಕೈಯಲ್ಲಿ ಜಾಗದ ಗುರುತು ತೋರಿಸುವ ಯಂತ್ರವಿತ್ತು.

"ಮಗಳೇ, ನೆಲ ಅಂತ ನೀವು ಬರೆದಿರೋ ಜಾಗದ ಆ ಕೊನೆ ಎಲ್ಲಿದೆ, ತೋರಿಸ್ತೀಯಾ?"

ಹುಡುಗಿ ಸಾಹೇಬರ ಮುಖ ನೋಡಿದಳು. ಯಂತ್ರ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ನಡೆದಳು. ಮನೆಗಳನ್ನು ದಾಟಿದಳು. ನೀರಿಗೆ ಇಳಿದಳು. ಮೊಣಕಾಲು ಮುಳುಗಿತು, ಸೊಂಟದವರೆಗೂ ನೀರು ಬಂತು. ಅಲ್ಲಿ ನಿಂತು ಕೂಗಿದಳು:

"ಇಲ್ಲಿ!"

"ಕೇಳಿದ್ರಾ ಸಾಹೇಬ್ರೆ? ಅಲ್ಲಿ ಗಟ್ಟಿ ನೆಲ ಇದೆಯಂತೆ. ಬನ್ನಿ, ಅಲ್ಲೇ ಕೂತು ಓದಿ."

ಇಷ್ಟು ಹೇಳಿ ಗುಡುಗಕ್ಕ ಮೇಜಿನ ಒಂದು ಕಡೆ ಕೈ ಹಾಕಿದಳು. ಇನ್ನೊಂದು ಕಡೆ ಅವಳ ಗಂಡ ಹಿಡಿದ. ಉಳಿದ ಕಡೆ ನಾವು. ಸಾಹೇಬರ ಕಡತ, ಕನ್ನಡಕದ ಪೆಟ್ಟಿಗೆ, ಫೋನು ಎಲ್ಲ ಮೇಜಿನ ಮೇಲೇ ಇದ್ದವು. ಮೇಜು ಮುಂದೆ, ಸಾಹೇಬರು ಹಿಂದೆ. "ಏಯ್, ಇಳಿಸ್ರಯ್ಯ! ನನ್ನ ಫೋನು!" ಎನ್ನುತ್ತ ಬೂಟುಗಾಲಲ್ಲೇ ನೀರಿಗೆ ಬಂದರು. ಹುಡುಗಿ ನಿಂತ ಜಾಗದಲ್ಲಿ ನಾವು ಮೇಜನ್ನು ನೀರಿನ ಮೇಲೆ ಎತ್ತಿ ಹಿಡಿದು ನಿಂತೆವು. ಅಲೆ ಬಂದಾಗ ಸಾಹೇಬರು ಗುಡುಗಕ್ಕನ ಭುಜ ಹಿಡಿದುಕೊಂಡರು. ಅವಳು ಕೈ ಕೊಡವಲಿಲ್ಲ.

"ಇದು ನನ್ನ ಅಂಗಳ. ಇಲ್ಲಿ ಮೀನು ಒಣಗಿಸ್ತಿದ್ದೆ. ಈಗ ಓದಿ, ಬದಲಾವಣೆ ಇಲ್ಲ ಅಂತ. ಜೋರಾಗಿ ಓದಿ."

ಸಾಹೇಬರ ಬಾಯಿಗೆ ಉಪ್ಪುನೀರು ಹೋಗಿತ್ತು. ಅವರು ಓದಲಿಲ್ಲ.

ಅಷ್ಟರಲ್ಲಿ ಬಂದರಿನವರು ಕರೆದ ಪೊಲೀಸರು ಬಂದರು. ಗುಡುಗಕ್ಕನೊಬ್ಬಳನ್ನೇ ಜೀಪಿಗೆ ಹತ್ತಿಸಿದರು. ನಾವೆಲ್ಲ ಒದ್ದೆ ಬಟ್ಟೆಯಲ್ಲೇ ಹಿಂದೆ ನಡೆದೆವು.

ಠಾಣೆಯಲ್ಲಿ ಸಾಹೇಬರು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದರು. ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖ್ಯಪೇದೆ ದೂರು ಬರೆದುಕೊಳ್ಳುತ್ತಿದ್ದ.

"ಸರ್ಕಾರಿ ಕೆಲಸಕ್ಕೆ ಅಡ್ಡಿ. ಸರಿ. ಘಟನೆ ನಡೆದ ಸ್ಥಳ ಯಾವುದು ಸಾರ್?"

"ಸ್ಥಳ ಏನ್ರೀ ಸ್ಥಳ! ನನ್ನನ್ನ ಸಮುದ್ರದೊಳಕ್ಕೆ ಇಳಿಸಿದ್ರು!"

"ಬರ್ಕೊಳ್ಳಿ ಅಣ್ಣ," ಎಂದಳು ಗುಡುಗಕ್ಕ ತಟ್ಟನೆ. "ಸಮುದ್ರ ಅಂತ ಬರ್ಕೊಳ್ಳಿ. ಕೆಳಗೆ ಸಾಹೇಬರ ಸಹಿ ಹಾಕಿಸಿ."

ಸಾಹೇಬರ ಬಣ್ಣ ಇಳಿಯಿತು. ಅದೇ ಜಾಗವನ್ನು ನೆಲವೆಂದು ಅವರೇ ಬರೆದಿದ್ದರು.

"ಸಮುದ್ರ ಬೇಡ. ದಡ ಅಂತ ಬರೀರಿ."

"ದಡದಲ್ಲಿ ಸೊಂಟದವರೆಗೂ ಹೇಗೆ ನೆಂದ್ರಿ ಸಾರ್?" ಮುಖ್ಯಪೇದೆ ನಿಜವಾಗಿಯೇ ಕೇಳಿದ. ಅವನಿಗೇನೂ ಗೊತ್ತಿರಲಿಲ್ಲ.

ಸಾಹೇಬರು ಎದ್ದರು. "ಹೋಗ್ಲಿ ಬಿಡಿ. ಬಡವರು, ಏನೋ ತಪ್ಪು ಮಾಡಿದಾರೆ. ದೂರು ಬೇಡ. ಮನೆಗೆ ಕಳಿಸಿ."

"ಯಾವ ಮನೆಗೆ?" ಗುಡುಗಕ್ಕ ಬಾಗಿಲಿಗೆ ಅಡ್ಡ ನಿಂತಳು. "ತಪ್ಪು ಮಾಡಿದೀನಿ, ಕೇಸು ಹಾಕಿ. ಹಾಕದೇ ಬಿಟ್ರೆ ನಾನು ಬಿಡಲ್ಲ."

ಅವಳ ಗಂಡ ಮುಂದೆ ಬಂದ. ಕೇರಿಯಲ್ಲಿ ಅವನ ದನಿ ಕೇಳಿದವರು ಕಡಿಮೆ.

"ಮೇಜಿನ ಇನ್ನೊಂದು ಕಡೆ ಹಿಡಿದಿದ್ದು ನಾನು. ನನ್ನ ಹೆಸರೂ ಬರ್ಕೊಳ್ಳಿ."

"ನಂದೂ," ಎಂದೆ ನಾನು.

ಅತ್ತೆಯನ್ನು ಯಾರೋ ಬೆನ್ನ ಮೇಲೆ ಹೊತ್ತು ತಂದಿದ್ದರು. "ನಾನು ದಡದಲ್ಲಿ ಕೂತು ಈ ಸಾಹೇಬನಿಗೆ ಬಾಯಿತುಂಬ ಬೈದೆ," ಎಂದಳು. "ಅದಕ್ಕೇನಾದ್ರೂ ಕಲಂ ಇದ್ಯಾ ನೋಡಪ್ಪ."

ಹಿಂದಿನಿಂದ ಒಬ್ಬೊಬ್ಬರೇ ಕೈ ಎತ್ತಿದರು. ಸಾಲು ಮೆಟ್ಟಿಲಿಳಿದು ಬೀದಿಗೆ ಹೋಯಿತು. ಕೊನೆಗೆ ಆ ಹುಡುಗಿ ಜನರನ್ನು ಸರಿಸಿಕೊಂಡು ಒಳಗೆ ಬಂದಳು.

"ನಿನ್ನ ಕೆಲಸದ ಗತಿ ಏನಾಗುತ್ತೆ ಗೊತ್ತಾ?" ಎಂದರು ಸಾಹೇಬರು.

"ಗೊತ್ತು ಸಾರ್. ಜಾಗ ತೋರಿಸಿದ್ದು ನಾನು. ನನ್ನದೂ ಬರೀಲಿ."

ಮುಖ್ಯಪೇದೆ ಸಾಹೇಬರನ್ನು ನೋಡಿದ, ಬಾಗಿಲಿನಾಚೆಯ ಸಾಲನ್ನು ನೋಡಿದ, ಹೊಸ ಹಾಳೆ ತೆಗೆದ.

"ಇಷ್ಟೂ ಜನ ಹೇಳ್ತಿದೀರಿ ಅಂದ್ಮೇಲೆ ಬರೀಲೇಬೇಕು. ಮೊದಲು ಸ್ಥಳ ಹೇಳಿ."

ನಾವೆಲ್ಲ ಒಂದೇ ಬಾಯಲ್ಲಿ ಹೇಳಿದೆವು:

"ಸಮುದ್ರ."