ನಾಲ್ಕನೆಯ ಅರ್ಥಕ್ಕೊಂದು ಉದಾಹರಣೆ

ಆ ನಿಘಂಟು ಕಚೇರಿಯಲ್ಲೊಂದು ಪದ್ಧತಿ. ಯಾರು ಯಾವ ಇಂಗ್ಲಿಷ್ ಪದಕ್ಕೆ ಅರ್ಥ ಬರೆದರೂ ಶನಿವಾರ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಪ್ರತಿ ಅರ್ಥಕ್ಕೂ ಒಂದು ಉದಾಹರಣೆ ಬೇಕು, ಅದೂ ಕಂಡು ಕೇಳಿದ ಬದುಕಿನದೇ ಆಗಿರಬೇಕು. ಪುಸ್ತಕದಿಂದ ಎತ್ತಿ ತಂದರೆ ಸಂಪಾದಕರಿಗೆ ಮೈಯೆಲ್ಲ ಉರಿ.

ಆ ಶನಿವಾರ ‘ಸ್ಪಿಲ್’ ಪದದ ಸರದಿ. ಕರಡು ತಿದ್ದಿ ತಿದ್ದಿ ಕರಡಮ್ಮ ಎಂದೇ ಹೆಸರಾದವಳು ಮೂಲೆಯಲ್ಲಿ ಪೆನ್ಸಿಲ್ ಕೆತ್ತುತ್ತಿದ್ದಳು. ಓದುವವಳು ಅವಳ ಗೆಳತಿ, ಪಕ್ಕದ ಮೇಜಿನವಳು.

ಕರಡಮ್ಮನ ಮನಸ್ಸು ಅಲ್ಲಿರಲಿಲ್ಲ. ಗಂಡನಿಗೆ ಕಚೇರಿಯ ಮುದ್ರಣಾಲಯದಲ್ಲಿ ಕೆಲಸ ಕೊಡಿ ಎಂದು ಸಂಪಾದಕರಿಗೆ ದುಂಬಾಲು ಬಿದ್ದು, ಅಂತೂ ಒಪ್ಪಿಸಿದ್ದಳು. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ಸೇರಲಿ, ಆದರೆ ಕುಡಿಯುವವರಿಗೆ ಯಂತ್ರದ ಹತ್ತಿರ ಜಾಗವಿಲ್ಲ ಎಂದಿದ್ದರು ಅವರು. ಕೈ ಮುರಿದದ್ದು ಹೇಗೆಂದು ಕಚೇರಿಯಲ್ಲಿ ಕೇಳಿದವರಿಗೆಲ್ಲ, ರಸ್ತೆಯಲ್ಲಿ ಎಣ್ಣೆ ಚೆಲ್ಲಿತ್ತು, ಸ್ಕೂಟರ್ ಜಾರಿತು ಎಂದು ಇವಳು ಕಣ್ಣು ಮಿಟುಕಿಸದೆ ಹೇಳಿದ್ದಳು. ನಿಜ ಗೊತ್ತಿದ್ದದ್ದು ಗೆಳತಿಗೊಬ್ಬಳಿಗೇ. ಅವಳ ಹೆಗಲಿಗೆ ತಲೆಯಿಟ್ಟು ಅತ್ತು ಹೇಳಿಕೊಂಡಿದ್ದಳು.

ಗೆಳತಿ ಓದತೊಡಗಿದಳು. ಒಂದು, ಚೆಲ್ಲು: ‘ಮಗು ಹಾಲು ಚೆಲ್ಲಿತು.’ ಎರಡು, ಗುಂಪಾಗಿ ಹೊರಬೀಳು: ‘ಆಟ ಮುಗಿದು ಜನ ಬೀದಿಗೆ ನುಗ್ಗಿದರು.’ ಸಂಪಾದಕರು ತಲೆದೂಗಿದರು. ಮೂರು, ವಾಹನದಿಂದ ಉರುಳಿ ಬೀಳುವುದು: ‘ಕುಡಿದ ಗಂಡ ಸ್ಕೂಟರಿನಿಂದ ಉರುಳಿ ಕೈ ಮುರಿದುಕೊಂಡ.’

ಓದಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೆಟ್ಟವಳೇನಲ್ಲ. ಈ ಹಾಳು ಕಸುಬೇ ಹಾಗೆ. ಎದುರಿಗಿದ್ದವರು ಅಳುತ್ತಿದ್ದರೂ ಕಿವಿ ವಾಕ್ಯ ಹೆಕ್ಕುತ್ತಿರುತ್ತದೆ.

“ಹಾಗಾದ್ರೆ ಎಣ್ಣೆ ರೋಡಲ್ಲಿರಲಿಲ್ಲ ಅನ್ನಿ,” ಎಂದ ಬೆರಳಚ್ಚಿನವನು. ನಾಲ್ಕು ಜನ ಕಿಸಕ್ಕೆಂದರು.

ಸಂಪಾದಕರು ಕನ್ನಡಕ ತೆಗೆದು ಕರಡಮ್ಮನ ಕಡೆ ನೋಡಿದರು. “ಮುದ್ರಣಾಲಯದ ವಿಷಯ ಬಿಟ್ಟುಬಿಡಿಯಮ್ಮ,” ಎಂದರು. ಆಮೇಲೆ ಗೆಳತಿಗೆ, “ಉದಾಹರಣೆ ಚೆನ್ನಾಗಿದೆ, ಇರಲಿ. ಮುಂದೆ?”

“ನಾಲ್ಕು, ಗುಟ್ಟು ಬಿಟ್ಟುಕೊಡೋದು.” ಗೆಳತಿ ಹಾಳೆ ಕೆಳಗಿಟ್ಟಳು. “ಇದಕ್ಕೆ ಉದಾಹರಣೆ ಸಿಕ್ಕಿಲ್ಲ ಸರ್.”

“ಈಗ ಸಿಕ್ತಲ್ಲೇ, ಬರ್ಕೋ,” ಎಂದಳು ಕರಡಮ್ಮ.

ಸೋಮವಾರ ಆ ಹಾಳೆ ತಿದ್ದಲು ಅವಳ ಮೇಜಿಗೇ ಬಂತು. ಮೂರನೆಯ ಅರ್ಥವನ್ನು ಸಿಟ್ಟಿನಿಂದ ಮತ್ತೆ ಮತ್ತೆ ಓದಿದಳು, ಒಂದಾದರೂ ತಪ್ಪು ಸಿಗಲಿ ಎಂದು. ಸಿಗಲಿಲ್ಲ. ಸರಿಯಿದೆ ಎಂದು ಗುರುತು ಹಾಕಿ ಅಚ್ಚಿಗೆ ಕಳಿಸಿದಳು.