ಅವಸರವಿಲ್ಲದ ಜಿಗಣೆ

"ಅಯ್ಯಯ್ಯೋ, ಜಿಗಣೆ!" ಎಂದು ಕಿರುಚಿ ಪಕ್ಕದ ಮನೆಯಾಕೆ ಸೋಫಾದಿಂದ ಎದ್ದೇಬಿಟ್ಟಳು.

ಹೆಣ ಇನ್ನೂ ನಡುಮನೆಯಲ್ಲೇ ಇತ್ತು. ಸತ್ತವಳ ಅಕ್ಕ ಬಂದು ಸೋಫಾದ ಸಂದಿಯಿಂದ ಅದನ್ನು ಎತ್ತಿದಳು. ಕಪ್ಪು ಉಣ್ಣೆ, ಬಾಲದ ಜಾಗದಲ್ಲಿ ಮೊಲದ ತುಪ್ಪಳ, ಒಳಗೆ ಸಣ್ಣ ಕೊಕ್ಕೆ.

"ಜೀವ ಇಲ್ಲ ಕಣ್ರೀ. ತಂಗಿ ಕಟ್ಟಿದ್ದು, ಮೀನಿಗೆ ಮೋಸ ಮಾಡೋಕೆ."

"ನನಗೇ ಮೋಸ ಆಯ್ತಲ್ಲ!" ಆಕೆ ಎದೆ ನೀವಿಕೊಂಡಳು. ಅತ್ತು ಕೆಂಪಾಗಿದ್ದ ಮುಖಗಳಲ್ಲಿ ನಗು ಇಣುಕಿ ಮರೆಯಾಯಿತು.

ಬಂದವರಲ್ಲಿ ಅರ್ಧಕ್ಕರ್ಧ ಜನ ತಂಗಿಯ ಕೈಲಿ ಕೂದಲು ಕತ್ತರಿಸಿಕೊಂಡವರೇ. ಬೀದಿ ತಿರುವಿನ ಆ ಅಂಗಡಿಯಲ್ಲಿ ಅವಳ ಮಾತು, ಕತ್ತರಿ ಎರಡೂ ಒಂದೇ ವೇಗದಲ್ಲಿ ಓಡುತ್ತಿದ್ದವು. ಕೆರೆಯ ದೋಣಿಯವನು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನನ್ನು ಮಾತ್ರ ಅಕ್ಕ ಒಳಗೆ ಕರೆದಿರಲಿಲ್ಲ.

*

ಕೆಲವು ವರ್ಷಗಳ ಹಿಂದೆ ತಂಗಿಗೆ ಪಾರ್ಶ್ವವಾಯು ಬಡಿದಿತ್ತು. ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ತೂಕಡಿಸುತ್ತಲೇ ಬಂತು. ಅವಳು ಕತ್ತರಿ ಆಡಿಸುವಷ್ಟರಲ್ಲಿ ಗಿರಾಕಿ ಒಂದು ನಿದ್ದೆ ಮುಗಿಸಿ ಏಳಬಹುದಿತ್ತು. ಅಂಗಡಿ ಮುಚ್ಚಿ, ಕಿಟಕಿಯ ಬಳಿ ಕೂತವಳು ಏಳಲೇ ಒಲ್ಲಳು.

ತಲೆ ಕಾಡಾಗಿ ಬೆಳೆದಿದ್ದ ದೋಣಿಯವನು ಒಂದು ದಿನ ಮನೆಗೇ ಬಂದ. "ಬೇರೆಯವರ ಕೈಗೆ ನನ್ನ ತಲೆ ಕೊಡಲ್ಲ."

"ನನ್ನ ಕೈ ಸತ್ತುಹೋಗಿದೆ ಕಣಯ್ಯಾ."

"ಸತ್ತಿಲ್ಲ, ನಿಧಾನ ಆಗಿದೆ ಅಷ್ಟೆ. ಕೆರೆಗೆ ಬನ್ನಿ, ಅಲ್ಲಿ ನಿಧಾನಕ್ಕೇ ಕೆಲಸ."

ಎಡಗೈಯಲ್ಲಿ ಗಾಳದ ಕೋಲು ಬೀಸಿ ಬಲಗೈಯಲ್ಲಿ ದಾರ ಎಳೆಯುವುದನ್ನು ಅವನೇ ಕಲಿಸಿದ. "ಜಿಗಣೆಗೆ ಎಲ್ಲಿಗೂ ಹೋಗೋ ಅರ್ಜೆಂಟಿಲ್ಲ. ತಳಕ್ಕೆ ಇಳೀಲಿ. ಆಮೇಲೆ ಗೇಣಷ್ಟು ಎಳೀರಿ, ನಿಲ್ಲಿಸಿ, ಮತ್ತೆ ಎಳೀರಿ."

ಅವಳ ಕೈಗೆ ಬೇರೆ ರೀತಿ ಬರುತ್ತಲೂ ಇರಲಿಲ್ಲ. ಉಳಿದ ದೋಣಿಗಳವರು ಪಟಪಟ ಎಳೆದು ಬರಿಗೈಯಲ್ಲಿ ಕೂತಿದ್ದಾಗ ಅವಳ ಕೋಲು ಬಾಗಿತು.

ಮೊಣಕಾಲವರೆಗೆ ಒದ್ದೆಯಾಗಿ ಮನೆಗೆ ಬಂದಳು. "ಅಕ್ಕಾ, ಹಿಡಿದೆ, ಮುದ್ದಾಡಿದೆ, ಬಿಟ್ಟೆ!"

"ಬಿಡೋದಾದ್ರೆ ಹಿಡಿದಿದ್ದು ಯಾಕೆ?"

"ಒಂದ್ಸಲ ಬಾ, ಗೊತ್ತಾಗುತ್ತೆ."

ಅಕ್ಕ ಹೋಗಲಿಲ್ಲ. ಪ್ರತಿ ವಾರವೂ ಒಂದು ನೆಪ. ತಂಗಿ ಊಟದ ಹೊತ್ತು ಮರೆತು ಬರತೊಡಗಿದಾಗ, ಅವಳ ಮೇಲಿನ ಸಿಟ್ಟನ್ನೆಲ್ಲ ದೋಣಿಯವನ ಮೇಲೆ ಹಾಕಿದಳು.

*

ಮಣ್ಣು ಮಾಡಿ ಜನ ಚದುರಿದರು. ಸ್ಮಶಾನದ ಗೇಟಿನ ಬಳಿ ದೋಣಿಯವನು ಇನ್ನೂ ನಿಂತಿದ್ದ.

"ಹೇಗಿರ್ತಿದ್ಲು ಅಲ್ಲಿ ಅವಳು?" ಅಕ್ಕ ಅವನೊಡನೆ ಆಡಿದ ಮೊದಲ ಮಾತು ಅದು.

"ಹೇಳೋಕೆ ಬರಲ್ಲ. ಬನ್ನಿ, ತೋರಿಸ್ತೀನಿ."

ಉಟ್ಟ ಬಟ್ಟೆಯಲ್ಲೇ ಹೋದಳು. ದೋಣಿ ಹತ್ತಿದ್ದೇ ತಡ, ಎರಡೂ ಅಂಚುಗಳನ್ನು ಬಿಗಿಯಾಗಿ ಹಿಡಿದು ಕೂತಳು.

"ನನಗೆ ಚಿಕ್ಕಂದಿನಿಂದ ನೀರು ಅಂದ್ರೆ ಭಯ. ಅವಳಿಗೂ ಹೇಳಿರಲಿಲ್ಲ."

"ಅವರಿಗೆ ಗೊತ್ತಿತ್ತು," ಎಂದ ಅವನು. "‘ಅಕ್ಕ ಯಾವತ್ತಾದ್ರೂ ಬಂದ್ರೆ ದಡ ಬಿಟ್ಟು ದೂರ ಕರ್ಕೊಂಡು ಹೋಗ್ಬೇಡ’ ಅಂತ ಹೇಳಿಟ್ಟಿದ್ರು."

ಅಕ್ಕ ಹಿಂತಿರುಗಿ ನೋಡಿದಳು. ದಡದ ಜೊಂಡು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

"ಇನ್ನೂ ಸ್ವಲ್ಪ ಒಳಗೆ ಹೋಗಪ್ಪ."

ಜೊಂಡು ಹಿಂದೆ ಸರಿಯಿತು. ಸುತ್ತ ನೀರು ಅಗಲವಾಗುತ್ತ ಹೋಯಿತು. ದೋಣಿ ನಿಂತಾಗ ಅವನು ಗಾಳದ ಕೋಲನ್ನು ಅವಳತ್ತ ಚಾಚಿದ. ಅಕ್ಕ ದೋಣಿಯ ಅಂಚಿನಿಂದ ಮೊದಲು ಒಂದು ಬೆರಳು ಬಿಡಿಸಿದಳು. ಆಮೇಲೆ ಇಡೀ ಕೈ.