ಒಡ್ಡಿನ ಕೆಳಗಿನವರು

"ತುಳೀರೇ ಮುಂಡೇರಾ! ಹೂವಿನ ಮೇಲೆ ನಡೆದ ಹಾಗೆ ಕಾಲಿಡ್ತೀರಲ್ಲ, ಹೊಟ್ಟೆಗೆ ಏನ್ ತಿಂತೀರಿ? ಒತ್ತಿ ತುಳೀರಿ!"

ಮೇಸ್ತ್ರಿ ಒಡ್ಡಿನ ಮೇಲೆ ನಿಂತು ಅರಚುತ್ತಿದ್ದ. ಕೆಳಗೆ ಬುಡದಲ್ಲಿ ನಾವು ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ನಾವು ಕುಡಿಯುವ ನೀರನ್ನು ನಾವೇ ತುಳಿದು ಹೂಳುತ್ತಿದ್ದೆವು. ಗಂಡಸರು ಮಣ್ಣಿನ ಚೀಲ ತಂದು ಒರತೆಯ ಬಾಯಿಗೆ ತುರುಕುವುದು, ನಾವು ಅದರ ಮೇಲೆ ಜೇಡಿಮಣ್ಣು ಸುರಿದು ತುಳಿಯುವುದು. ಮಾರನೇ ದಿನ ಒಡ್ಡು ನೋಡಲು ಸರ್ಕಾರದ ಇಂಜಿನಿಯರು ಬರುವವರಿದ್ದರು. ಅವರ ಕಣ್ಣಿಗೆ ಒಂದು ತೊಟ್ಟು ನೀರೂ ಬೀಳಬಾರದೆಂದು ಧಣಿಯ ಅಪ್ಪಣೆ.

"ಮೇಸ್ತ್ರಿ, ಇದನ್ನ ಮುಚ್ಚಿದ್ರೆ ನಾವು ಕುಡಿಯೋದೇನು?" ಎಂದೆ.

"ನನ್ನ ಉಚ್ಚೆ ಕುಡಿ."

ಗಂಡಸರು ನಕ್ಕರು. ನನ್ನ ಗಂಡನೂ ತಲೆ ತಗ್ಗಿಸಿಕೊಂಡೇ ಕಿಸಕ್ಕೆಂದ. ಮೇಸ್ತ್ರಿಯ ಮಾತಿಗಿಂತ ಆ ನಗೆಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಈ ಒಡ್ಡು ಧಣಿಯ ಸ್ವಂತದ್ದು. ಹಳ್ಳಕ್ಕೆ ಅಡ್ಡವಾಗಿ ಮಣ್ಣು ಪೇರಿಸಿ ಅವನಪ್ಪ ಕಟ್ಟಿಸಿದ್ದು, ಕಿತ್ತಳೆ ತೋಟಕ್ಕೆ ನೀರು ಹಾಯಿಸಲಿಕ್ಕೆ. ಮಣ್ಣು ಹೊತ್ತವರು ನನ್ನ ಅತ್ತೆಯಂಥವರು. ಹೊತ್ತವರಿಗೆ ಒಡ್ಡಿನ ಬುಡದಲ್ಲೇ ಒಂದು ಸಾಲು ಕೋಣೆ ಕಟ್ಟಿಕೊಟ್ಟ. ಬೇರೆ ಕಡೆ ಕೊಟ್ಟರೆ ನೆಲ ಹಾಳಾಗುತ್ತದಲ್ಲ! ಈಗಿನ ಧಣಿ ನೀರಿನ ದಂಡೆಯಲ್ಲಿ ಅತಿಥಿಗಳಿಗೆಂದು ಬಂಗಲೆ ಎಬ್ಬಿಸಿ ದೋಣಿ ಬಿಟ್ಟಿದ್ದಾನೆ. ನೀರು ಒಂದು ಗೇಣು ಇಳಿದರೂ ದಂಡೆಯ ಕೆಸರು ಕಾಣುತ್ತದೆ, ದುಡ್ಡು ಕೊಟ್ಟು ಬಂದವರು ಮೂಗು ಮುರಿಯುತ್ತಾರೆ. ಅದಕ್ಕೆ ತೂಬು ತೆಗೆಯುವುದೇ ಇಲ್ಲ. ತೂಬು ತಿರುಗಿಸುವ ಕಬ್ಬಿಣದ ಹಿಡಿ ಧಣಿಯ ಮನೆ ಸೇರಿದೆ. ಕಿತ್ತಳೆ ಗಿಡಗಳು ನಿಂತಲ್ಲೇ ಒಣಗುತ್ತಿವೆ, ಪಕ್ಕದಲ್ಲಿ ನೀರು ಅಂಚಿಗೆ ಬಂದು ತುಳುಕುತ್ತಿದೆ.

ಆ ನೀರಿಗೆ ನಾವು ಕೊಡ ಅದ್ದುವಂತಿಲ್ಲ. ಅದ್ದಿದರೆ ಹೊಲಸಾಗುತ್ತದಂತೆ. ಹಾಗಾಗಿ ಬುಡದಲ್ಲಿ ಜಿನುಗುವ ಒರತೆಯೇ ನಮಗೆ ಗತಿ. ಮೊದಮೊದಲು ಚೊಂಬು ತುಂಬುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ನಾವೇ ಹೆಂಗಸರು ಹಾರೆ ಹಾಕಿ ಕೆದಕಿ ಕೆದಕಿ ಅದರ ಬಾಯಿ ಅಗಲ ಮಾಡಿದೆವು. ನೀರು ಜಾಸ್ತಿಯಾದಾಗ ಹಿಗ್ಗಿದೆವು. ಈಚೆಗೆ ಕೆಂಪಗೆ ಬರತೊಡಗಿದಾಗ ಬಟ್ಟೆಯಲ್ಲಿ ಸೋಸಿ ಕುಡಿದೆವು. ಒಡ್ಡನ್ನೇ ಸೋಸಿ ಕುಡಿಯುತ್ತಿದ್ದೇವೆಂದು ಯಾರಿಗೆ ಗೊತ್ತಿತ್ತು?

ಒರತೆ ಮುಚ್ಚಿದ ಮಾರನೇ ಬೆಳಿಗ್ಗೆ ನೆಲದ ಮೇಲೆ ಮಲಗಿದ್ದ ಅತ್ತೆ ಕೂಗಿದಳು.

"ಲೇ, ಬಾರೇ ಇಲ್ಲಿ. ನಾನೇನಾದ್ರೂ ಹಾಸಿಗೇಲೇ ಹೊಯ್ಕೊಂಡಿದ್ದೀನಾ ನೋಡೇ."

ನೋಡಿದೆ. ಅವಳ ಬೆನ್ನಡಿಯ ಚಾಪೆ ತೊಯ್ದು ತೊಪ್ಪೆಯಾಗಿತ್ತು. ಒಲೆಯ ಬೂದಿಯ ನಡುವಿನಿಂದ ಬೆರಳು ದಪ್ಪದ ಕೆಂಪು ನೀರು ಬುಳುಬುಳು ಏಳುತ್ತಿತ್ತು. ಅಲ್ಲಿ ಬಾಯಿ ಮುಚ್ಚಿದ್ದಕ್ಕೆ ಇಲ್ಲಿ ಬಾಯಿ ತೆರೆದಿತ್ತು.

"ನೀನಲ್ಲ ಅತ್ತೆ, ಒಡ್ಡು ಹೊಯ್ಕೊಂಡಿದೆ" ಎಂದೆ. ಮುದುಕಿ ಬೊಚ್ಚು ಬಾಯಲ್ಲಿ ನಕ್ಕಳು. ಗಂಡ ಬಾಗಿಲು ಕಿತ್ತು ಇಟ್ಟಿಗೆಗಳ ಮೇಲಿಟ್ಟ. ಅದರ ಮೇಲೆ ಅತ್ತೆಯನ್ನು ಎತ್ತಿ ಮಲಗಿಸಿದೆವು. ಅವಳಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಬಂದು ಹೆಂಗಸರನ್ನೆಲ್ಲ ಎಳೆದುಕೊಂಡು ಹೋದ. ತುಳಿದ ಜಾಗ ಇನ್ನೂ ಒದ್ದೆ ಬಿಡುತ್ತಿತ್ತು. ಅದರ ಮೇಲೆ ಕೂತು ನಾವು ಬಟ್ಟೆ ಒಗೆಯಬೇಕು, ಆಗ ಒದ್ದೆಗೆ ಒಂದು ಕಾರಣ ಸಿಗುತ್ತದೆ. ಒಗೆಯಲು ಮೇಲಿನ ನೀರನ್ನೇ ಡ್ರಮ್ಮಿನಲ್ಲಿ ತರಿಸಿದ್ದ. ಹುಟ್ಟಿದಾಗಿನಿಂದ ಮುಟ್ಟಲು ಬಿಡದ ನೀರು, ಕಳ್ಳತನ ಮುಚ್ಚುವುದಕ್ಕೆ ಮಾತ್ರ ಮುಟ್ಟಬಹುದು!

"ಬೇರೆ ಮಾತು ಬಂದ್ರೆ ನಾಲಿಗೆ ಸೀಳ್ತೀನಿ" ಎಂದ.

ಇಂಜಿನಿಯರು ತೆಳ್ಳಗಿನ ಮನುಷ್ಯ. ಧಣಿ ಅವರ ಹೆಗಲ ಮೇಲೆ ಕೈಹಾಕಿಕೊಂಡು, ಹಳೇ ಗೆಳೆಯನ ಥರ ಇಳಿದು ಬಂದ.

"ಏನಮ್ಮಾ, ಈ ಜಾಗ ಯಾವಾಗಲೂ ಹೀಗೇ ಒದ್ದೆ ಇರುತ್ತಾ?" ಎಂದು ಇಂಜಿನಿಯರು ಕೇಳಿದರು.

"ಬಟ್ಟೆ ಒಗೀತೀವಿ ಸಾಹೇಬ್ರೇ" ಎಂದು ಪಕ್ಕದ ಮನೆಯವಳು ಗಿಣಿಪಾಠ ಒಪ್ಪಿಸಿದಳು.

ನನಗೆ ತಡೆಯಲಾಗಲಿಲ್ಲ. "ನಮ್ಮನೆ ಒಲೆಯೊಳಗೂ ಬಟ್ಟೆ ಒಗೀತೀವಾ? ಬಂದು ನೋಡಿ ಸಾಹೇಬ್ರೇ!"

ಮೇಸ್ತ್ರಿ ಹಲ್ಲು ಕಚ್ಚಿದ. ಸಾಹೇಬರು ಬಗ್ಗಿ ಕೋಣೆಯೊಳಗೆ ಬಂದರು. ಒಲೆಯ ನೀರನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿದರು. ಅವರ ಮುಖದ ಬಣ್ಣ ಹೋಯಿತು. ಹೊರಗೆ ಬಂದವರೇ ಧಣಿಗೆ ಹೇಳಿದರು, "ತಿಳಿನೀರು ಜಿನುಗಿದ್ರೆ ನಾನು ಹೆದರ್ತಿರಲಿಲ್ಲ. ಇದು ಮಣ್ಣು ಹೊತ್ಕೊಂಡು ಬರ್ತಿದೆ. ಒಡ್ಡು ಒಳಗಿಂದ ಕರಗ್ತಾ ಇದೆ. ಇವತ್ತೇ ತೂಬು ತೆಗೀರಿ, ಅರ್ಧಕ್ಕೆ ಇಳಿಸಿ."

"ಅಯ್ಯೋ ಸಾರ್, ಈ ತಿಂಗಳು ಪೂರ್ತಿ ಅತಿಥಿಗಳಿದ್ದಾರೆ."

"ಕೆಳಗೆ ಜನ ಇದ್ದಾರೆ ಸ್ವಾಮಿ! ಬರೀ ತೋಟ ಇದ್ದಿದ್ರೆ ನಿಮ್ಮ ಒಡ್ಡು, ನಿಮ್ಮ ನಷ್ಟ, ನಾನು ಕೇಳ್ತಾನೇ ಇರಲಿಲ್ಲ. ಈ ಮನೆಗಳು ಇರೋದ್ರಿಂದ ಇದು ಅಪಾಯದ ಒಡ್ಡು."

ಪಾಪ, ಅವರು ನಮ್ಮ ಒಳ್ಳೆಯದಕ್ಕೇ ಹೇಳಿದರು. ಧಣಿ ಮಾತ್ರ ನಮ್ಮ ಕೋಣೆಗಳನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದ. ಅವನ ಮುಖ ಅರಳಿತು.

"ಅಂದ್ರೆ, ಜನ ಇಲ್ಲದಿದ್ರೆ?"

"ಜನ ಇಲ್ಲದಿದ್ರೆ ನನ್ನ ತಕರಾರಿಲ್ಲ."

"ಹಾಗನ್ನಿ ಮತ್ತೆ! ಬನ್ನಿ, ಊಟ ತಣ್ಣಗಾಗುತ್ತೆ."

ಊಟ ಮುಗಿಸಿ ಸಾಹೇಬರ ಜೀಪು ಹೋದ ಮೇಲೆ ಮೇಸ್ತ್ರಿ ಬಂದ. "ನಾಳೆ ಖಾಲಿ ಮಾಡಿ ಎಲ್ಲಾರೂ. ಧಣಿಗೆ ನಿಮ್ಮ ಪ್ರಾಣದ ಚಿಂತೆ ಹತ್ತಿದೆ."

"ಎಲ್ಲಿಗೆ ಹೋಗೋದು ಮೇಸ್ತ್ರಿ? ಕೆಲಸ?" ನನ್ನ ಗಂಡ ಕೇಳಿದ.

"ಒಣಗಿದ ತೋಟದಲ್ಲಿ ಎಂಥಾ ಕೆಲಸ ಲೇ? ಪ್ರಪಂಚ ಅಷ್ಟು ದೊಡ್ಡದಿದೆ, ಎಲ್ಲಾದ್ರೂ ಸಾಯಿ." ಆಮೇಲೆ ನನ್ನ ಕಡೆ ತಿರುಗಿದ. "ಎಲ್ಲಾ ಈ ಬಾಯಿಬಡುಕಿಯಿಂದ. ಬೈಯೋದಿದ್ರೆ ಇವಳಿಗೆ ಬೈರಿ."

ಬೈದರು. ಪಕ್ಕದ ಮನೆಯವಳು ಪಾತ್ರೆ ಗಂಟು ಕಟ್ಟುತ್ತಾ ನನ್ನ ಬಾಯಿಗೆ ಮಣ್ಣು ಬೀಳಲೆಂದು ಶಪಿಸಿದಳು. ನನ್ನ ಗಂಡನೂ ಗೂಡಿನಿಂದ ಬಟ್ಟೆ ಎಳೆಯತೊಡಗಿದ.

"ಯಾರಿಗೋಸ್ಕರ ಕಟ್ತಾ ಇದ್ದೀಯಾ? ನಾನು ಬರಲ್ಲ" ಎಂದೆ.

"ತಲೆ ಕೆಟ್ಟಿದೆಯೇನೇ? ಒಡ್ಡು ಕುಸಿಯುತ್ತೆ, ಸಾಯ್ತೀಯಾ."

"ಸಾಹೇಬ್ರು ಹೇಳಿದ್ದು ಕಿವಿಗೆ ಬಿತ್ತಾ ನಿಂಗೆ? ನಾವು ಇದ್ರೆ ಅವನು ನೀರು ಇಳಿಸ್ಬೇಕು. ಎದ್ದು ಹೋದ್ರೆ ದೋಣಿ ಬಿಟ್ಕೊಂಡು ಹಾಯಾಗಿರ್ತಾನೆ. ನಾವು ಇರೋದೊಂದೇ ಅವನಿಗೆ ತೊಡಕು. ನಮ್ಮ ಜೀವಕ್ಕೆ ಬೆಲೆ ಅಂತ ಬಂದಿದ್ರೆ ಇವತ್ತೇ ಬಂದಿದೆ, ಅದನ್ನೂ ಗಂಟು ಕಟ್ಟಿ ಅವನ ಕೈಗೆ ಕೊಡ್ತೀಯಾ?"

ಅವನು ಅವ್ವನ ಮುಖ ನೋಡಿದ. "ನನ್ನ ಕಡೆ ಏನ್ ನೋಡ್ತೀಯೋ? ಆ ಮಣ್ಣು ಹೊತ್ತಿದ್ದು ನಾನು. ಬೀಳೋದಾದ್ರೆ ನನ್ನ ಮೇಲೇ ಬೀಳ್ಲಿ" ಎಂದು ಮುದುಕಿ ಗೋಡೆಗೆ ಮುಖ ತಿರುಗಿಸಿದಳು. ಅವನು ಬಟ್ಟೆ ಗಂಟನ್ನು ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ. ಸುಮ್ಮನೆ ತಲೆಯ ಮೇಲೆ ಕೈ ಹೊತ್ತು ಕೂತ.

ಮರುದಿನ ಸಾಲೆಲ್ಲ ಬರಿದಾಯಿತು. ಮೇಸ್ತ್ರಿ ಕೋಣೆಗಳ ತಗಡು ಕೀಳಿಸುತ್ತಾ ಬಂದ. ನಮ್ಮದು ಬಂದಾಗ ನನ್ನ ಗಂಡನ ಕೊರಳಪಟ್ಟಿ ಹಿಡಿದು, "ಹತ್ತೋ ಬೋಳಿಮಗನೆ, ನಿನ್ನ ಮನೆ ನೀನೇ ಕೀಳು" ಎಂದ. ಹತ್ತಿದ. ಒಂದು ತಗಡು ಸರಿದು ಬಿಸಿಲು ಅತ್ತೆಯ ಮುಖಕ್ಕೆ ಹೊಡೆಯಿತು. ಆ ಕಂಡಿಯಿಂದ ಅವನು ನನ್ನನ್ನೇ ನೋಡುತ್ತಿದ್ದ, ಅಳುತ್ತಿದ್ದ.

"ಕೀಳು. ತಗಡು ಹೋದ್ರೆ ಹೋಗ್ಲಿ" ಎಂದೆ.

ಕಿತ್ತು ಮುಗಿಸಿ ಕೆಳಗಿಳಿದ. ಮೇಸ್ತ್ರಿಯ ಕಡೆಗೆ ಹೋಗಲಿಲ್ಲ. ಒಳಗೆ ಬಂದು ಕೆಂಪು ನೀರಿನಲ್ಲಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದು ದಿನವಾದರೂ ಗಂಡಸಾದ ಎನಿಸಿ ನನಗೆ ಅಳು ಬಂತು.

ಮೇಸ್ತ್ರಿ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ನಮ್ಮ ಮೂವರನ್ನೂ ಚೆನ್ನಾಗಿ ನೋಡಿದ. ನಮ್ಮನ್ನು ಎಳೆದು ಹಾಕಲಿಲ್ಲ, ಬೈಯಲೂ ಇಲ್ಲ. ಒಡ್ಡಿನ ಮೇಲೆ ಧಣಿ ಫೋನು ಕಿವಿಗಿಟ್ಟು ಕಾಯುತ್ತಿದ್ದ. ಮೇಸ್ತ್ರಿ ಅತ್ತ ತಿರುಗಿ ಬಾಯಿಗೆ ಕೈ ಹಿಡಿದು ಕೂಗಿದ.

"ಖಾಲಿ ಆಯ್ತು ಧಣಿ! ಒಂದು ನರಪಿಳ್ಳೆಯೂ ಇಲ್ಲ, ಸಾಹೇಬ್ರಿಗೆ ಹೇಳಿಬಿಡಿ!"

ನಾನು ಹೊರಗೆ ಓಡಿ ಬಂದು ಗಂಟಲು ಹರಿಯುವಂತೆ ಕೂಗಿದೆ, "ಇದ್ದೀವಿ! ಸುಳ್ಳು! ಇದ್ದೀವಿ ಇಲ್ಲಿ!" ಗಂಡನೂ ಬಂದು ಕೂಗಿದ. ಒಳಗಿಂದ ಅತ್ತೆ ತನ್ನ ಕೀರಲು ದನಿಯಲ್ಲಿ ಕೂಗಿದಳು. ಧಣಿ ಫೋನಿನಲ್ಲಿ ನಗುತ್ತಾ ಬಂಗಲೆಯ ಕಡೆ ನಡೆದುಹೋದ.

ಒಡ್ಡಿನ ಮೇಲೆ ಅತಿಥಿಗಳು ನಾಲ್ಕೈದು ಜನ ತಿರುಗಾಡುತ್ತಿದ್ದರು. ನಮ್ಮ ಕೂಗಿಗೆ ನಿಂತು ಬಗ್ಗಿ ನೋಡಿದರು. ಬಿಳಿ ಟೋಪಿಯ ಹೆಂಗಸೊಬ್ಬಳು ನಗುತ್ತಾ, ನಮ್ಮ ಕಡೆ ಕೈ ಬೀಸಿದಳು.